ಕರೆಂಟ್ ಹೋದಾಗ ಬದಲಾಗುತ್ತಿದ್ದ ಮುಖ

ನಾಗಮಂಗಲದ ಕಡೆಯಿಂದ ಬಂದಿದ್ದ ಆ ಮನುಷ್ಯ ನನ್ನ ಸ್ಟುಡಿಯೋದ ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು, ಹೆಗಲ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ, ಒಂದು ಹಳೆಯ ನೋಟ್‌ಬುಕ್ಕನ್ನು ಕೈಚಾಚಿ ಕೊಟ್ಟರು. ಅದರ ಹಾಳೆಗಳ ನಡುವೆ ಒಂದು ಫೋಟೊ ಇತ್ತು.

"ಒಳಗೆ ಬನ್ನಿ, ಬಿಸಿಲು," ಎಂದೆ.

"ಬ್ಯಾಡಿ ಮೇಡಂ. ಅಪ್ಪ ಜೊತೇಲವ್ರೆ."

ಅವರ ಹಿಂದೆ ನೋಡಿದೆ. ಪಾಂಡವಪುರದ ಆ ರಸ್ತೆಯಾಚೆ ಹೊಂಗೆ ಮರದ ನೆರಳಲ್ಲಿ ಒಂದು ಕಾರು ನಿಂತಿತ್ತು. ಕಾರಿನ ಪಕ್ಕದಲ್ಲಿ ಅವರ ಬಾಮೈದ, ಬಿಳಿ ಬಟ್ಟೆ ಕಟ್ಟಿದ ಒಂದು ಮಡಕೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ತಂದೆ ತೀರಿಕೊಂಡು ಮೂರು ದಿನವಾಗಿತ್ತು. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಸಂಗಮಕ್ಕೆ ಹೊರಟಿದ್ದರು. ಅಸ್ಥಿ ಹಿಡಿದುಕೊಂಡು ಯಾರ ಹೊಸಿಲನ್ನೂ ದಾಟುವುದಿಲ್ಲ, ಮಡಕೆಯನ್ನು ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಡುವುದಿಲ್ಲ. ಆ ಬಾಮೈದ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನನ್ನ ಕಡೆಯೇ ನೋಡುತ್ತಿದ್ದರು.

ಫೋಟೊ ಎರಡು ಬೆರಳಗಲದ ಕಪ್ಪುಬಿಳುಪಿನದು. ಹದಿನೆಂಟರ ಆಸುಪಾಸಿನ ಹುಡುಗಿ, ಹೂ ಮುಡಿದು, ಕ್ಯಾಮೆರಾವನ್ನು ಸ್ವಲ್ಪ ಹೆದರಿಕೊಂಡೇ ನೋಡುತ್ತಿದ್ದಳು. ಮೇಲಿನ ಮೂಲೆಯಿಂದ ಭುಜದವರೆಗೆ ಹರಿದಿತ್ತು. ಯಾರೋ ಅನ್ನದ ಅಗುಳು ಹಚ್ಚಿ ಹಿಂದಿನಿಂದ ಕಾಗದ ಅಂಟಿಸಿದ್ದರು.

"ನಮ್ಮವ್ವ. ನಂಗೆರ್ಡು ವರ್ಸ ಇದ್ದಾಗ ತೀರ್ಕಬುಟ್ಳು. ಇದೊಂದೇ ಪಟ ಇರೋದು. ಅಪ್ಪನ್ ಫೋಟೊ ಪೋನಲ್ಲಿ ಅದೆ, ಕಳುಸ್ತೀನಿ. ಇಬ್ರುನೂ ಜೊತೇಲಿ ಕೂರ್ಸಿ ತಿಥಿಗೆ ಒಂದು ದೊಡ್ ಪಟ ಮಾಡ್ಕೊಡಿ," ಎಂದರು. ತಿಥಿಗೆ ಇನ್ನೂ ಎಂಟು ದಿನ ಇತ್ತು.

ಅಪ್ಪ ಅಮ್ಮನನ್ನು ಒಂದೇ ಪಟದಲ್ಲಿ ಕೂರಿಸಿಕೊಡುವುದು ನನಗೆ ಹೊಸದಲ್ಲ. ವಾರಕ್ಕೆ ಒಂದಾದರೂ ಅಂಥ ಕೆಲಸ ಬರುತ್ತದೆ. ಫೋಟೊ ತೆಗೆದುಕೊಂಡು ಒಳಗೆ ಹೋದೆ.

ಇಲ್ಲಿ ನನ್ನ ಕಂಪ್ಯೂಟರಿನ ವಿಷಯ ಹೇಳಲೇಬೇಕು, ಏಕೆಂದರೆ ತಪ್ಪು ಅಲ್ಲಿಂದಲೇ ಶುರುವಾಗಿದ್ದು. ಆ ಚಳಿಗಾಲದಲ್ಲಿ ನನ್ನ ಹಳೆಯ ಮದರ್‌ಬೋರ್ಡು ಕೈಕೊಟ್ಟಿತ್ತು. ಶ್ರೀರಂಗಪಟ್ಟಣದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಭಾಯಿ ಹೊಸ ಪ್ರೊಸೆಸರು, ಹೊಸ ಬೋರ್ಡು ಹಾಕಿಕೊಟ್ಟರು. ಹೊಸ ಬೋರ್ಡುಗಳಲ್ಲಿ ಬಹಳಷ್ಟಕ್ಕೆ ಹೊಸ ಜಾತಿಯ ಮೆಮೊರಿಯೇ ಬೇಕು, ಅದರ ಬೆಲೆ ಆಗ ಮುಟ್ಟುವಂತಿರಲಿಲ್ಲ. ಹಳೆಯ ಮೆಮೊರಿಯನ್ನೂ ಒಪ್ಪುವ ಒಂದು ಬೋರ್ಡನ್ನು ಅವರು ಹುಡುಕಿ ತಂದಿದ್ದರು. ಹೀಗೆ ನನ್ನ ಹಳೆಯ ಎರಡು ಮೆಮೊರಿ ಸ್ಟಿಕ್ಕುಗಳು ಹೊಸ ಮನೆಗೆ ಬಂದವು.

"ಅಕ್ಕಾ, ಹಳೇ ಮಾಲು. ಎಷ್ಟ್ ಸ್ಪೀಡಿಗೆ ಓಡ್ತದೋ ಅಷ್ಟಕ್ಕೇ ಬಿಡಿ. ಜಬರ್ದಸ್ತಿ ಮಾಡ್ಬೇಡಿ," ಎಂದು ಭಾಯಿ ಆಗಲೇ ಹೇಳಿದ್ದರು.

ಬೇಡ ಎಂದರೆ ಮಾಡಿ ನೋಡುವ ಬುದ್ಧಿ ನನಗೆ ಮೇಲುಕೋಟೆಯಲ್ಲಿ ಪಾಠಶಾಲೆಯ ಮೇಷ್ಟ್ರ ಮಗಳಾಗಿದ್ದಾಗಿನಿಂದಲೂ ಇದೆ. ಹೊಸ ಪ್ರೊಸೆಸರು ಕುದುರೆಯಂತಿತ್ತು, ಮೆಮೊರಿ ಅದಕ್ಕೆ ಸಾಟಿಯಾಗುತ್ತಿಲ್ಲ ಎಂದು ನನ್ನ ತಕರಾರು. ಬೆಳಿಗ್ಗೆ ಬೇಗ ಬಂದು, ಗಿರಾಕಿಗಳು ಬರುವ ಮೊದಲು, ಬಯೋಸ್ ಎಂಬ ಒಳಸೆಟ್ಟಿಂಗುಗಳ ಪರದೆ ತೆರೆದು ಕೂರುತ್ತಿದ್ದೆ. ಮೆಮೊರಿಯ ವೇಗವನ್ನು ಮೂರು ಸಾವಿರದ ಇನ್ನೂರರಿಂದ ಮೂರು ಸಾವಿರದ ಆರುನೂರಕ್ಕೆ ಏರಿಸಿದೆ. ಅದಕ್ಕೆ ಬೇಕಾದ ವೋಲ್ಟೇಜನ್ನು ಒಂದು ಪಾಯಿಂಟ್ ಮೂರೈದರಿಂದ ಒಂದು ಪಾಯಿಂಟ್ ನಾಲ್ಕೈದಕ್ಕೆ ತಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ.

ಮೆಮೊರಿ ಎಂದರೆ ಕೋಟಿಗಟ್ಟಲೆ ಪುಟ್ಟ ಕೋಶಗಳು. ಒಂದೊಂದರಲ್ಲೂ ಒಂದು ಹನಿಯಷ್ಟು ವಿದ್ಯುತ್ತು. ಅದು ಸುಮ್ಮನೆ ಕೂತಿರುವುದಿಲ್ಲ, ಸೋರಿ ಹೋಗುತ್ತಿರುತ್ತದೆ. ಪೂರ್ತಿ ಸೋರುವ ಮೊದಲು ಕಂಪ್ಯೂಟರು ಪ್ರತಿ ಸಾಲನ್ನೂ ಓದಿ, ಮತ್ತೆ ತುಂಬುತ್ತದೆ. ಒಂದು ಸೆಕೆಂಡಿನಲ್ಲಿ ಹದಿನೈದು ಸಲ ಹೀಗೆ ನೆನಪಿಸುತ್ತದೆ. ನೆನಪಿಸುವ ಹೊತ್ತಿನಲ್ಲಿ ಬೇರೆ ಕೆಲಸ ಆಗುವುದಿಲ್ಲ. ಆ ಅಂತರವನ್ನು ಉದ್ದ ಮಾಡಿದರೆ ವೇಗ ಇನ್ನಷ್ಟು ಸಿಗುತ್ತದೆ. ನಾನು ಅದನ್ನು ಐದು ಪಟ್ಟು ಉದ್ದ ಮಾಡಿದೆ. ಸೆಕೆಂಡಿಗೆ ಹದಿನೈದು ಸಲ ನೆನಪಿಸುತ್ತಿದ್ದದ್ದು ಮೂರಕ್ಕೆ ಇಳಿಯಿತು.

ಬಿಸಿಯಾದರೆ ಸೋರುವುದು ಜಾಸ್ತಿ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು, ಒಂದು ಟೇಬಲ್ ಫ್ಯಾನನ್ನು ನೇರವಾಗಿ ಮೆಮೊರಿಯ ಮೇಲೆ ಗಾಳಿ ಬರುವ ಹಾಗೆ ಇಟ್ಟೆ. ನಾಲ್ಕು ದಿನ ಬೆಳಿಗ್ಗೆ ಮೆಮೊರಿ ಪರೀಕ್ಷೆಯ ಪ್ರೋಗ್ರಾಮು ಓಡಿಸಿದೆ. ಒಂದೂ ತಪ್ಪು ಬರಲಿಲ್ಲ. ಐವತ್ತೆರಡು ಸೆಕೆಂಡು ಹಿಡಿಯುತ್ತಿದ್ದ ಫೋಟೊ ಕೆಲಸ ನಲವತ್ತನಾಲ್ಕಕ್ಕೆ ಮುಗಿಯುತ್ತಿತ್ತು. ಎಂಟು ಸೆಕೆಂಡು ಗೆದ್ದ ಖುಷಿಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆವತ್ತು ಮಧ್ಯಾಹ್ನ ಆ ಹುಡುಗಿಯ ಫೋಟೊವನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಗುಚಿಟ್ಟು ಗುಂಡಿ ಒತ್ತಿದ ಕೂಡಲೇ ಕರೆಂಟ್ ಹೋಯಿತು. ನನ್ನ ಕಂಪ್ಯೂಟರು, ಸ್ಕ್ಯಾನರು ಎರಡೂ ಯುಪಿಎಸ್ ಮೇಲಿದ್ದವು, ನಿಲ್ಲಲಿಲ್ಲ. ತಗಡಿನ ಮಾಡಿನ ಕೆಳಗೆ ಎಲ್ಲ ಸದ್ದೂ ಅಡಗಿ, ಸ್ಕ್ಯಾನರಿನ ಬೆಳಕು ಮಾತ್ರ ಗಾಜಿನ ಕೆಳಗೆ ನಿಧಾನಕ್ಕೆ ಜರುಗುತ್ತಿತ್ತು. ಫೈಲ್ ಉಳಿಸಿದೆ. ನನ್ನ ಪದ್ಧತಿಯಂತೆ ಪೆನ್‌ಡ್ರೈವಿಗೆ ಒಂದು, ಹೊರಗಿನ ಡಿಸ್ಕಿಗೆ ಒಂದು ಪ್ರತಿ ಹಾಕಿದೆ. ಪರದೆಯ ಮೇಲೆ ಹೆಬ್ಬೆರಳಷ್ಟು ಚಿತ್ರ ಕಂಡಿತು. ಸಾಕು ಎಂದುಕೊಂಡೆ. ಹೊರಗಿನಿಂದ ಅವರು, "ಮೇಡಂ, ಒತ್ತಾಯ್ತದೆ," ಎಂದು ಕೂಗುತ್ತಿದ್ದರು.

ಫೋಟೊ ವಾಪಸ್ಸು ಕೊಡುತ್ತ, "ಇನ್ನು ಇದರ ಕೆಲಸ ಮುಗಿಯಿತು. ಎಲ್ಲ ಕಂಪ್ಯೂಟರಲ್ಲಿದೆ," ಎಂದೆ. ಇದು ನಾನು ಎಲ್ಲ ಗಿರಾಕಿಗಳಿಗೂ ಹೇಳುವ ಮಾತು. ಅವರು ತಲೆಯಾಡಿಸಿ, ಫೋಟೊವನ್ನು ಕಣ್ಣಿಗೊತ್ತಿಕೊಂಡು ಹೊರಟರು.

ಮಾರನೆಯ ದಿನ ಬೆಳಿಗ್ಗೆ ಫೈಲ್ ತೆರೆದೆ. ಹಣೆ ಬಂತು, ಬೈತಲೆ ಬಂತು, ಹುಬ್ಬು ಬಂತು. ಎಡಗಣ್ಣಿನ ನಡುವಿನಿಂದ ಕೆಳಗೆ ಬರೀ ಬೂದು ಪಟ್ಟೆಗಳು. ಕಣ್ಣಿನ ಮೇಲರ್ಧ ಮಾತ್ರ ಆ ಪಟ್ಟೆಗಳ ಅಂಚಿನಿಂದ ಇಣುಕಿ ನೋಡುತ್ತಿತ್ತು. ಪೆನ್‌ಡ್ರೈವಿನ ಪ್ರತಿ ತೆರೆದೆ. ಅದರಲ್ಲಿ ಮೂಗಿನವರೆಗೆ ಇತ್ತು, ಬಾಯಿ ಇರಲಿಲ್ಲ. ಹೊರಗಿನ ಡಿಸ್ಕಿನದು ತೆರೆಯಲೇ ಇಲ್ಲ, ಫೈಲ್ ಕೆಟ್ಟಿದೆ ಎಂದಿತು.

ಇದರಲ್ಲಿ ಹೆದರುವಂಥದ್ದೇನೂ ಇಲ್ಲ, ಇನ್ನೊಂದು ಸಲ ಸ್ಕ್ಯಾನ್ ಮಾಡಿದರಾಯಿತು ಎಂದು ಫೋನು ಮಾಡಿದೆ.

"ಆ ಫೋಟೊ ಇನ್ನೊಂದು ಸಲ ಬೇಕಿತ್ತು. ಯಾರ ಕೈಲಾದರೂ ಕಳಿಸ್ತೀರಾ?"

"ಅದೆಲ್ಲದೆ ಮೇಡಂ? ಅಪ್ಪನ್ ಜೊತೇಲೇ ಬುಟ್ಬುಟ್ನಲ್ಲ."

"ಬಿಟ್ರಾ? ಎಲ್ಲಿ?"

"ಸಂಗಮದಲ್ಲಿ. ಅರ್ದೋಗಿರೋ ಪಟ ಮನೇಲಿ ಮಡಿಕಬಾರ್ದು, ಭಿನ್ನ ಆಗದೆ ಅಂತ ಊರಲ್ಲಿ ದೊಡ್ಡೋರು ಯೋಳ್ತಾನೇ ಇದ್ರು. ಅಪ್ಪ ಬದ್ಕಿರೋಗಂಟ ಬುಡ್ನಿಲ್ಲ. ನೀವೇ ಕೆಲ್ಸ ಮುಗೀತು ಅಂದ್ರಲ್ಲ. ಗಂಡ ಎಂಡ್ತಿ ಒಂದೇ ನೀರಲ್ಲಿ ಓಗ್ಲಿ ಅಂತ ಮಡ್ಕೆ ಒಳೀಕೇ ಇಟ್ಬುಟ್ಟು ಬುಟ್ಟೆ." ಆಮೇಲೆ, "ಯಾಕ್ ಮೇಡಂ? ಏನಾರ ಎಚ್ಚುಕಮ್ಮಿ ಆಯ್ತಾ?" ಎಂದರು.

"ಇಲ್ಲ ಇಲ್ಲ. ಸುಮ್ಮನೆ ಕೇಳಿದೆ," ಎಂದೆ.

ಹರಿದ ದೇವರ ಪಟವನ್ನು ಅರಳಿಮರದ ಕೆಳಗೋ ಹರಿಯುವ ನೀರಿಗೋ ಬಿಡುವುದನ್ನು ನಾನೂ ಮಾಡಿದ್ದೇನೆ. ಸತ್ತ ತಾಯಿಯ ಪಟಕ್ಕೂ ಅದೇ ನ್ಯಾಯ ಎಂದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಈಗ ಆ ಹೆಂಗಸಿನ ಮುಖ ಈ ಲೋಕದಲ್ಲಿ ಇದ್ದದ್ದು ನನ್ನ ಮೇಜಿನ ಮೇಲೆ, ಮೂರು ಮುರುಕಲು ಫೈಲುಗಳಲ್ಲಿ ಮಾತ್ರ.

ಮಧ್ಯಾಹ್ನ ಮತ್ತೆ ಕರೆಂಟ್ ಹೋಯಿತು. ಯುಪಿಎಸ್ಸಿನ ಕೀರಲು ಸದ್ದಿನ ನಡುವೆ ನಾನು ಮೊದಲನೆಯ ಫೈಲನ್ನೇ ಮತ್ತೆ ತೆರೆಯುತ್ತಿದ್ದೆ. ಈ ಸಲ ಹಣೆಯ ನಡುವಿನವರೆಗೇ ಬಂತು. ಬೆಳಿಗ್ಗೆ ಕಂಡಿದ್ದ ಕಣ್ಣು ಇರಲಿಲ್ಲ. ಮುಚ್ಚಿ ತೆರೆದೆ. ಬೈತಲೆಯೂ ಹೋಯಿತು. ಯಾರೋ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿರುವ ಹಾಗೆ, ತೆರೆದಷ್ಟು ಸಲವೂ ಆ ಬೂದು ಗೆರೆ ಮೇಲಕ್ಕೆ ಏರುತ್ತಿತ್ತು. ಕರೆಂಟ್ ಬಂತು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿ, ಸ್ವಲ್ಪ ಕಾದು ತೆರೆದೆ. ಎಡಗಣ್ಣಿನ ಮೇಲರ್ಧ ಮತ್ತೆ ಅಲ್ಲೇ ಇತ್ತು, ನನ್ನನ್ನೇ ನೋಡುತ್ತಿತ್ತು.

ನಾನು ದೆವ್ವ ಭೂತ ನಂಬುವವಳಲ್ಲ. ಆದರೂ ಆ ಸಂಜೆ ಅಂಗಡಿ ಬಾಗಿಲು ಹಾಕುವಾಗ ಕುರ್ಚಿಯನ್ನು ಪರದೆಗೆ ಬೆನ್ನು ಮಾಡಿ ತಿರುಗಿಸಿಟ್ಟು ಬಂದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಬೈದು ಕಳಿಸುತ್ತಿದ್ದೆ.

ಮರುದಿನವೂ ಹಾಗೇ. ಫ್ಲೆಕ್ಸಿನ ಕೆಲಸ, ಮದುವೆ ಆಲ್ಬಮ್ಮಿನ ಕೆಲಸ ಎಲ್ಲ ಬದಿಗಿಟ್ಟು ಅದೊಂದನ್ನೇ ಹಿಡಿದು ಕೂತೆ. ವೈರಸ್ ಇರಬಹುದೆಂದು ಜಾಲಾಡಿದೆ, ಇರಲಿಲ್ಲ. ಡಿಸ್ಕ್ ಕೆಟ್ಟಿರಬಹುದೆಂದು ಪರೀಕ್ಷೆ ಮಾಡಿದೆ, ಸರಿಯಾಗಿತ್ತು. ಕೇಬಲ್ ಬದಲಿಸಿದೆ. ಕರೆಂಟ್ ಇದ್ದಾಗ ಅವಳು ಕಣ್ಣಿನವರೆಗೆ ಬರುತ್ತಿದ್ದಳು, ಹೋದಾಗ ಮರೆಯಾಗುತ್ತಿದ್ದಳು. ಯುಪಿಎಸ್ ಮೇಲೆ ಇರುವ ಕಂಪ್ಯೂಟರಿಗೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ಮತ್ತೆ ಅವಳಿಗೆ ಹೇಗೆ ಗೊತ್ತಾಗುತ್ತದೆ ಎಂದು ನನ್ನನ್ನೇ ಕೇಳಿಕೊಂಡು, ಫೈಲನ್ನು 'ಅವಳು' ಎನ್ನುತ್ತಿದ್ದೇನೆ ಎಂದು ಗಮನಕ್ಕೆ ಬಂದು, ಎದ್ದು ಹೋಗಿ ಮುಖ ತೊಳೆದುಕೊಂಡೆ.

ಕೊನೆಗೆ ಉಳಿದದ್ದು ಮೆಮೊರಿ. ಅದನ್ನು ಅನುಮಾನಿಸಲು ನನಗೆ ಇಷ್ಟವಿರಲಿಲ್ಲ, ನಾಲ್ಕು ದಿನ ಬೆಳಿಗ್ಗೆ ಪರೀಕ್ಷೆ ಮಾಡಿದವಳು ನಾನೇ ತಾನೆ. ಆದರೂ ಮಧ್ಯಾಹ್ನದಲ್ಲಿ ಆ ಪರೀಕ್ಷೆಯನ್ನು ಮತ್ತೆ ಓಡಿಸಿದೆ. ಒಂದು ಗಂಟೆ ಏನೂ ಇಲ್ಲ. ನಲವತ್ತೊಂದು ಡಿಗ್ರಿ ಬಿಸಿ, ಸೊನ್ನೆ ತಪ್ಪು. ಆಮೇಲೆ ಕರೆಂಟ್ ಹೋಯಿತು.

ಪರದೆ ಉರಿಯುತ್ತಲೇ ಇತ್ತು. ನಾನು ಸುಮ್ಮನೆ ನೋಡುತ್ತ ಕೂತಿದ್ದೆ. ಪಕ್ಕದಲ್ಲಿ ಏನೋ ಕಮ್ಮಿಯಾದ ಹಾಗೆ ಅನ್ನಿಸಿ ತಿರುಗಿದೆ. ಟೇಬಲ್ ಫ್ಯಾನಿನ ರೆಕ್ಕೆಗಳು ನಿಧಾನವಾಗುತ್ತ, ಒಂದೊಂದಾಗಿ ಕಣ್ಣಿಗೆ ಕಾಣುವಂತಾಗುತ್ತ, ನಿಂತವು. ಫ್ಯಾನಿನ ವೈರು ಯುಪಿಎಸ್ಸಿಗೆ ಹೋಗಿರಲಿಲ್ಲ, ಗೋಡೆಗೆ ಹೋಗಿತ್ತು. ಬೇಸಿಗೆಯ ಮಧ್ಯಾಹ್ನ, ಕಾದ ತಗಡು, ಏರಿಸಿದ ವೋಲ್ಟೇಜು. ನಲವತ್ತೈದು, ನಲವತ್ತೊಂಬತ್ತು, ಐವತ್ತೆರಡು. ಐವತ್ತಮೂರಕ್ಕೆ ಮೊದಲ ಕೆಂಪು ಗೆರೆ ಬಂತು. ಆಮೇಲೆ ಪರದೆ ತುಂಬ ಕೆಂಪು. ಆ ಫೋಟೊ ಸ್ಕ್ಯಾನಾಗುವಾಗಲೂ, ಮೂರು ಪ್ರತಿ ಆಗುವಾಗಲೂ ಇದೇ ನಡೆದಿತ್ತು. ನಾನು ನೆನಪಿಸುವ ಅಂತರ ಉದ್ದ ಮಾಡಿದ್ದ ಕೋಶಗಳು, ಗಾಳಿ ನಿಂತ ಕೂಡಲೇ, ಒಂದೊಂದಾಗಿ ಅವಳನ್ನು ಮರೆಯುತ್ತ ಹೋಗಿದ್ದವು.

ಕಾರಣ ಸಿಕ್ಕರೆ ಭಯ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಎಂಟು ಸೆಕೆಂಡಿಗಾಗಿ ನಾನು ಒಬ್ಬ ಮಗನಿಂದ ಅವನ ತಾಯಿಯ ಮುಖ ಕಿತ್ತುಕೊಂಡಿದ್ದೆ.

ಬಯೋಸ್ ತೆರೆದು ಎಲ್ಲವನ್ನೂ ಮೊದಲಿನಂತೆ ಮಾಡಿದೆ. ವೇಗ, ವೋಲ್ಟೇಜು, ಅಂತರ, ಎಲ್ಲ. ಫ್ಯಾನ್ ಇಲ್ಲದೆ, ಮಧ್ಯಾಹ್ನವೇ ಪರೀಕ್ಷೆ ಓಡಿಸಿದೆ, ಒಂದೂ ತಪ್ಪಿಲ್ಲ. ಆದರೆ ಡಿಸ್ಕಿನ ಮೇಲೆ ಆಗಲೇ ಕೆಟ್ಟು ಕೂತಿದ್ದ ಫೈಲು ಅದರಿಂದ ಸರಿಯಾಗುವುದಿಲ್ಲ.

ಆಗ ಒಂದು ಕೆಟ್ಟ ಯೋಚನೆ ಬಂತು. ಮುಚ್ಚಿಡದೆ ಹೇಳುತ್ತೇನೆ. ಈಗ ಅರ್ಧ ಮುಖ ಕೊಟ್ಟರೆ ಉಳಿದರ್ಧ ತಾವೇ ಹುಟ್ಟಿಸಿಕೊಡುವ ಪ್ರೋಗ್ರಾಮುಗಳಿವೆ. ಪೆನ್‌ಡ್ರೈವಿನಲ್ಲಿ ಮೂಗಿನವರೆಗೆ ಉಳಿದಿದ್ದ ಮುಖವನ್ನು ಕೊಟ್ಟು ನೋಡಿದೆ. ಒಂದು ನಿಮಿಷದಲ್ಲಿ ಒಬ್ಬ ಚೆಲುವೆ ಬಂದು ಕೂತಳು. ನುಣ್ಣನೆಯ ಕೆನ್ನೆ, ತಿದ್ದಿದಂಥ ತುಟಿ. ಇನ್ನೊಂದು ಸಲ ಕೇಳಿದೆ, ಇನ್ನೊಬ್ಬಳು ಬಂದಳು. ಮೂರನೆಯವಳೂ ಬಂದಳು. ಮೂವರೂ ಒಂದೇ ಥರ ನಗುತ್ತಿದ್ದರು. ನಾನು ಸ್ಕ್ಯಾನರಿನ ಮೇಲೆ ಮಗುಚಿಟ್ಟ ಹುಡುಗಿ ನಗುತ್ತಿರಲಿಲ್ಲ, ಹೆದರಿಕೊಂಡಿದ್ದಳು, ಅಷ್ಟು ನನಗೆ ಚೆನ್ನಾಗಿ ನೆನಪಿತ್ತು. ಈ ಮೂವರು ಯಾರೂ ಅಲ್ಲ. ಯಾರೂ ಅಲ್ಲದವಳೊಬ್ಬಳನ್ನು ಆತನ ಗೋಡೆಗೆ ನೇತುಹಾಕಿ ಬಂದರೆ, ಬದುಕಿರುವವರೆಗೂ ಆತ ಅವಳಿಗೆ ಎಡೆ ಇಡುತ್ತಾನೆ. ಮೂರನ್ನೂ ಅಳಿಸಿದೆ. ಸಿಕ್ಕಷ್ಟು ಉಳಿಸುವುದು, ಸಿಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಎಂದು ತೀರ್ಮಾನ ಮಾಡಿದೆ.

ಡಿಸ್ಕು, ಪೆನ್‌ಡ್ರೈವು ಎಲ್ಲ ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಭಾಯಿ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಬಾಗಿಲಾಚೆ ನದಿಯಿರುವ ದಿಕ್ಕಿಗೆ ಒಮ್ಮೆ ನೋಡಿದರು, ಅಷ್ಟೇ.

"ಮೂರು ಕಾಪಿನೂ ಕೆಟ್ಟಿದೆ. ಒಂದೇ ಜಾಗದಲ್ಲಿ ಕೆಟ್ಟಿದ್ಯಾ?"

"ಇಲ್ಲ. ಒಂದೊಂದು ಒಂದೊಂದು ಕಡೆ."

"ಹಂಗಾದ್ರೆ ಕೂತ್ಕೊಳ್ಳಿ ಅಕ್ಕಾ. ಮೂರು ಜನ ಗವಾಹಿ, ಸಾಕ್ಷಿ ಹೇಳೋರು ಇದ್ದಾರೆ ಅಂದ್ಕೊಳ್ಳಿ. ಮೂವರೂ ಝೂಟ್ ಹೇಳ್ಬಹುದು, ಆದ್ರೆ ಒಂದೇ ಮಾತಿಗೆ ಮೂವರೂ ಒಟ್ಟಿಗೆ ಝೂಟ್ ಹೇಳಲ್ಲ."

ಅವರ ಉಪಾಯ ಸರಳವಾಗಿತ್ತು. ಫೈಲು ಎಂದರೆ ಉದ್ದಕ್ಕೆ ಸಾಲಾಗಿ ನಿಂತ ಅಂಕಿಗಳು. ಜಾಗ ಉಳಿಸಲೆಂದು ನಾನು ಕುಗ್ಗಿಸಿ ಉಳಿಸಿದ್ದರಿಂದ ಒಂದು ಅಂಕಿ ತಪ್ಪಿದರೂ ಅದರ ಮುಂದಿನದೆಲ್ಲ ಕಲಸಿಹೋಗುತ್ತಿತ್ತು. ಮೂರು ಫೈಲುಗಳನ್ನು ಅಕ್ಕಪಕ್ಕ ಇಟ್ಟು, ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಅಂಕಿ ಹೋಲಿಸುವುದು. ಎಲ್ಲಿ ಜಗಳ ಬರುತ್ತದೋ ಅಲ್ಲಿ ಎರಡು ಫೈಲು ಹೇಳಿದ್ದನ್ನು ಒಪ್ಪುವುದು. ಅವರ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಮು ಬರೆದು ಓಡಿಸಿದರು. ನಾಲ್ಕುನೂರಕ್ಕೂ ಹೆಚ್ಚು ಕಡೆ ಜಗಳವಿತ್ತು. ಏಳು ಕಡೆ ಮೂರೂ ಬೇರೆ ಬೇರೆ ಹೇಳಿದವು. ಅವನ್ನು ಕೈಯಲ್ಲೇ ಒಂದೊಂದಾಗಿ ಬದಲಿಸಿ, ತೆರೆದು, ನೋಡಿ, ಮತ್ತೆ ಬದಲಿಸಬೇಕಾಯಿತು. ಬೆಳಿಗ್ಗೆ ಕೂತವರು ಎದ್ದಾಗ ಮಧ್ಯಾಹ್ನದ ಆಜಾನ್ ಆಗಿತ್ತು.

ಕೊನೆಯ ಸಲ ತೆರೆದಾಗ ಅವಳು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಂದಳು. ಹಣೆ, ಎರಡು ಕಣ್ಣು, ಮೂಗುಬೊಟ್ಟು, ಗಟ್ಟಿಯಾಗಿ ಮುಚ್ಚಿದ ಬಾಯಿ, ಗಲ್ಲ, ಹರಿದ ಭುಜ. ಎಲ್ಲ ಬಂದ ಮೇಲೂ ಎಲ್ಲಿ ಹೋಗಿಬಿಡುತ್ತಾಳೋ ಎಂದು ನಾನು ಮೇಜಿನ ಅಂಚು ಹಿಡಿದುಕೊಂಡೇ ಇದ್ದೆ. ಆಮೇಲೆ ಅತ್ತೆ. ಭಾಯಿ ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದರು, ಬಂದವರು ಪರದೆಯನ್ನು ನೋಡುತ್ತ, "ನಮ್ಮ ಅಮ್ಮೀದು ಒಂದು ಫೋಟೊನೂ ಇಲ್ಲ ಅಕ್ಕಾ," ಎಂದರು.

ಸ್ಕ್ಯಾನಾಗುವಾಗಲೇ ಆದ ತಪ್ಪುಗಳು ಉಳಿದಿದ್ದವು. ಅವು ಮೂರು ಫೈಲಿಗೂ ಒಂದೇ ರೀತಿ ಬಂದಿರುತ್ತವೆ, ಹೋಲಿಸಿದರೆ ಸಿಗುವುದಿಲ್ಲ. ಕೆನ್ನೆಯ ಮೇಲೆ, ಸೀರೆಯ ಮೇಲೆ ಅಡ್ಡಡ್ಡಕ್ಕೆ ಬಿಳಿ ಚುಕ್ಕಿಗಳ ಸಣ್ಣ ಸಾಲುಗಳು. ಅವನ್ನು ತೇಪೆ ಹಾಕಿ ಮುಚ್ಚಿದೆ. ಒಂದು ಮಾತ್ರ ಬೇರೆ ಥರ ಇತ್ತು. ಕೆಳದುಟಿಯ ಕೆಳಗೆ, ಗಲ್ಲದ ಎಡಬದಿಯಲ್ಲಿ, ಸಾಸಿವೆಯಷ್ಟು ಗುಂಡಗಿನ ಕಪ್ಪು ಚುಕ್ಕೆ. ಮೆಮೊರಿ ತಪ್ಪುಗಳು ಗೆರೆಯಾಗಿ ಬಂದಿದ್ದವು, ಇದು ಗುಂಡಗಿತ್ತು. ಭಾಯಿಯೂ ಬಗ್ಗಿ ನೋಡಿ, "ಫೋಟೊ ಮೇಲೇ ಶಾಹಿ ಬಿದ್ದಿತ್ತೇನೋ," ಎಂದರು. ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದಾಗ ನಾನು ಅಷ್ಟು ನೋಡಿಯೇ ಇರಲಿಲ್ಲ.

ತಿಥಿಯ ಹಿಂದಿನ ದಿನ ಆತ ಪಾಂಡವಪುರಕ್ಕೆ ಸಾಮಾನು ಕೊಳ್ಳಲು ಬಂದವರು ಅಂಗಡಿಗೆ ಬಂದರು. ಈ ಸಲ ಒಳಗೆ ಬಂದು ಕೂತರು. ಪರದೆ ತೋರಿಸುವ ಮೊದಲು ಎಲ್ಲವನ್ನೂ ಹೇಳಿದೆ. ನಾನು ಮಾಡಿದ್ದು, ಫೋನಿನಲ್ಲಿ ಸುಳ್ಳು ಹೇಳಿದ್ದು, ಶ್ರೀರಂಗಪಟ್ಟಣಕ್ಕೆ ಹೋಗಿದ್ದು. ಕೈಮುಗಿದೆ. ಆತ ನೆಲ ನೋಡುತ್ತ ಕೇಳಿಸಿಕೊಂಡರು.

"ಅವತ್ತೇ ಯೋಳ್ಬೇಕಿತ್ತು ಮೇಡಂ," ಎಂದರು. ದನಿ ಏರಿಸಲಿಲ್ಲ. "ತೋರ್ಸಿ ಈಗ."

ತೋರಿಸಿದೆ. ಬಹಳ ಹೊತ್ತು ನೋಡಿದರು. "ಅವ್ವನೇ," ಎಂದರು. ಆಮೇಲೆ ಹುಬ್ಬು ಗಂಟಿಕ್ಕಿ ಪರದೆಯ ಹತ್ತಿರ ಬಂದರು.

"ಇದೇನಿದು ಗಲ್ಲದ್ ಮ್ಯಾಲೆ? ಇದು ಇರ್ನಿಲ್ಲ."

"ಚೆನ್ನಾಗಿ ನೆನಪಿದೆಯಾ? ಕಲೆ ಏನಾದರೂ?"

"ಏನ್ ಮೇಡಂ ಇಂಗಂತೀರಿ? ವರ್ಸಕ್ಕೊಂದ್ಸಲ, ಪಿತೃಪಕ್ಷಕ್ಕೆ ಎಡೆ ಇಕ್ಕೋವಾಗ ಅಪ್ಪ ಟ್ರಂಕಿಂದ ತೆಗ್ಯೋರು. ಎಡೆ ಮುಂದೆ ಮಡ್ಗಿ, ಊಟ ಆದ್ಮ್ಯಾಲೆ ಒಳೀಕ್ ಇಡೋರು. ಐವತ್ ವರ್ಸ ನೋಡಿವ್ನಿ. ಕಣ್ಮುಚ್ಕೊಂಡ್ರೆ ಬತ್ತದೆ ಆ ಮೊಕ. ಏನೂ ಇರ್ನಿಲ್ಲ. ತೆಗ್ದಾಕ್ಬುಡಿ."

ವರ್ಷಕ್ಕೆ ಒಂದು ಸಲ ನೆನಪಿಸಿಕೊಂಡೇ ಆತ ಐವತ್ತು ವರ್ಷ ಒಂದು ಮುಖವನ್ನು ಕೆಡದಂತೆ ಇಟ್ಟುಕೊಂಡಿದ್ದರು. ನನ್ನ ಅನುಮಾನಕ್ಕೆ ಅಲ್ಲಿ ಜಾಗವಿರಲಿಲ್ಲ. ಅವರ ಕಣ್ಣೆದುರೇ ಚುಕ್ಕೆಯನ್ನು ಅಳಿಸಿದೆ. ಒಂದು ಕ್ಷಣದ ಕೆಲಸ. ಅವರಿಗೆ ಸಮಾಧಾನವಾಯಿತು. ಆದರೆ ಅವರು ಹೋದ ಮೇಲೆ ನನಗೆ ಆಗಲಿಲ್ಲ. ಇನ್ನು ಬೇಕಾಗಿಲ್ಲ ಎಂದು ಒಂದು ಸಲ ಹೇಳಿ ಪಟ್ಟ ಪಾಡು ಸಾಕಾಗಿತ್ತು. ಅವರು ಹೇಳಿದಂತೆ ಒಂದು ಪ್ರಿಂಟು ತೆಗೆದು ಕಟ್ಟು ಹಾಕಿಸಿದೆ. ಚುಕ್ಕೆ ಇರುವುದನ್ನೂ ಅದೇ ಅಳತೆಗೆ ಒಂದು ತೆಗೆದು, ಸುರುಳಿ ಸುತ್ತಿ, ನನ್ನ ಚೀಲದಲ್ಲಿ ಇಟ್ಟುಕೊಂಡೆ.

ತಿಥಿಗೆ ಪಟವನ್ನು ನಾನೇ ಒಯ್ದೆ. ನಾಗಮಂಗಲದಿಂದ ಆಟೊ ಮಾಡಿಕೊಂಡು ಊರು ಮುಟ್ಟಿದಾಗ ಶಾಮಿಯಾನದ ಕೆಳಗೆ ಜನ ಸೇರಿದ್ದರು. ಹಿಂದಿನ ಹಿತ್ತಲಿನಲ್ಲಿ ಬಾಡಿನ ಮಸಾಲೆ ಕುದಿಯುತ್ತಿತ್ತು. ನನ್ನ ಜಾತಿ ಗೊತ್ತಿದ್ದ ಮನೆಯವರು ಕೇಳದೆಯೇ ಮಜ್ಜಿಗೆ, ಬಾಳೆಹಣ್ಣು ತಂದಿಟ್ಟರು. ನಡುಮನೆಯಲ್ಲಿ ಪಟ ಇಟ್ಟು ಹಾರ ಹಾಕಿದರು. ಎಪ್ಪತ್ತೆಂಟರ ಅಪ್ಪ, ಬಿಳಿ ಮೀಸೆ, ಕುಸಿದ ಕೆನ್ನೆ. ಪಕ್ಕದಲ್ಲಿ ಹದಿನೆಂಟರ ಹೆಂಡತಿ. ಅಂಗಡಿಯಲ್ಲಿ ಕೆಲಸ ಮಾಡುವಾಗ ಕಾಣದ್ದು ಅಲ್ಲಿ ಕಂಡಿತು. ಮೊಮ್ಮಗಳ ಪಕ್ಕ ಕೂತ ತಾತನಂತೆ ಇದ್ದರು.

ಅಷ್ಟರಲ್ಲಿ ಕೆ.ಆರ್. ಪೇಟೆ ಕಡೆಯಿಂದ ತೀರಿಕೊಂಡವರ ತಂಗಿ ಬಂದರು. ಗೋವಿಂದನಹಳ್ಳಿಯ ಹತ್ತಿರದ ಊರಿಗೆ ಕೊಟ್ಟವರು, ಕಾಲು ಮುರಿದಿದ್ದರಿಂದ ಅಣ್ಣನ ಸಂಸ್ಕಾರಕ್ಕೂ ಬರಲಾಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ಬಂದು ಪಟದ ಎದುರು ಕೂರಿಸಿದರು. ಅಣ್ಣನ ಮುಖ ನೋಡಿ ಎದೆ ಬಡಿದುಕೊಂಡು ಅತ್ತರು. ಅಳು ಇಳಿದ ಮೇಲೆ ಪಕ್ಕಕ್ಕೆ ನೋಡಿದರು. ಕಣ್ಣೊರೆಸಿಕೊಂಡು ಇನ್ನೊಂದು ಸಲ ನೋಡಿದರು.

"ಅತ್ತಿಗೇನಾ?" ಎಂದರು. "ಅವಳ್ದು ಮಚ್ಚೆ ಎಲ್ಲೋಯ್ತು?"

"ಯಾವ ಮಚ್ಚೆ ಅತ್ತೆ?" ಎಂದು ಮಗ ಕೇಳಿದರು.

ಆ ಮುದುಕಿ ತನ್ನ ಕೈಯೆತ್ತಿ ತನ್ನದೇ ಕೆಳದುಟಿಯ ಕೆಳಗೆ, ಎಡಕ್ಕೆ, ಗಲ್ಲದ ಮೇಲೆ ಬೆರಳಿಟ್ಟರು. "ಇಲ್ಲಿತ್ತು ಕಣ್ಲಾ. ಸಾಸ್ವೆ ಕಾಳಂಗೆ. ಎಣ್ ನೋಡೋಕ್ ಬರೋರ್ಗೆ ಕಾಣ್ದಿರ್ಲಿ ಅಂತ ಫೋಟೊ ತೆಗ್ಯೋನು ಪಟದ್ ಮ್ಯಾಲೆ ಅದ್ಯಾವ್ದೋ ಬಣ್ಣ ಮೆತ್ತಿ ಮುಚ್ಬುಟ್ಟಿದ್ದ. ಮದ್ವೆ ಆಗ್ ಬಂದ್ಮ್ಯಾಲೆ ನಾವು ಅದ್ನೇ ಆಡ್ಕೊಂಡ್ ನಗ್ತಿದ್ವಿ. ನಮ್ಮಣ್ಣ ಬೈಯೋನು."

ಮೆತ್ತಿದ ಬಣ್ಣ ವರ್ಷಗಳಿಂದ ಸವೆದು, ಸ್ಕ್ಯಾನರಿನ ಬೆಳಕಿಗೆ ಅಡಿಯಲ್ಲಿದ್ದದ್ದು ಕಂಡಿರಬಹುದು. ಅಥವಾ ಮರೆಯುತ್ತಿದ್ದ ಮೆಮೊರಿಯ ಕೋಶಗಳು ಕೋಟಿ ಜಾಗಗಳಲ್ಲಿ ಆ ಒಂದು ಜಾಗಕ್ಕೇ ಕಪ್ಪು ಬಿಟ್ಟಿರಬಹುದು. ಮೂಲ ಫೋಟೊ ಇದ್ದಿದ್ದರೆ ಒಂದು ಭೂತಗನ್ನಡಿ ಹಿಡಿದು ಹೇಳಿಬಿಡುತ್ತಿದ್ದೆ. ಅದು ಸಂಗಮದ ನೀರಿನಲ್ಲಿತ್ತು.

ಚೀಲದಿಂದ ಸುರುಳಿ ತೆಗೆದು ಬಿಚ್ಚಿ ಹಿಡಿದೆ. ಮುದುಕಿ ನೋಡಿದ ಕೂಡಲೇ ಕೈ ಮುಂದೆ ಮಾಡಿ, "ಇಗಾ, ಇವ್ಳು ನಮ್ಮತ್ತಿಗೆ," ಎಂದರು.

ಮಗ ಒಮ್ಮೆ ನನ್ನ ಕೈಯಲ್ಲಿದ್ದದ್ದನ್ನು, ಒಮ್ಮೆ ಗೋಡೆಗೆ ಒರಗಿದ್ದ ಪಟವನ್ನು ನೋಡಿದರು.

"ಅಂಗಾರೆ ಇಷ್ಟ್ ವರ್ಸ ನಾ ಯಾರ್ಗಿಕ್ದೆ ಎಡೆಯ?"

"ಅವಳ್ಗೇ ಕಣ್ಲಾ ಮಗ," ಎಂದರು ಅತ್ತೆ. "ಅವಳ್ಗೇನ್ ಗೊತ್ತಾಗಾಕಿಲ್ವಾ, ತನ್ ಮಗ ಇಕ್ಕಿದ್ದು ಅಂತ?"

ಆತ ಹಾರವನ್ನು ತೆಗೆದು ಪಕ್ಕಕ್ಕಿಟ್ಟರು. ಪಟವನ್ನು ಮಗುಚಿ ತೊಡೆಯ ಮೇಲೆ ಇಟ್ಟುಕೊಂಡು, ಒಳಗಿನಿಂದ ತರಿಸಿದ ಒಂದು ಚಾಕುವಿನ ತುದಿಯಿಂದ ಹಿಂದಿನ ಸಣ್ಣ ಮೊಳೆಗಳನ್ನು ಒಂದೊಂದಾಗಿ ಕಿತ್ತರು. ನಾನು ರಟ್ಟನ್ನು ಹಿಡಿದುಕೊಂಡೆ. ಹಳೆಯ ಪ್ರಿಂಟು ತೆಗೆದು, ಹೊಸದನ್ನು ನೆಲದ ಮೇಲೆ ಹಾಸಿ, ಗಾಜು ಮುಚ್ಚುವ ಮೊದಲು ಆತ ತಡೆದರು. ತೋರುಬೆರಳನ್ನು ನಾಲಿಗೆಗೆ ತಾಗಿಸಿ, ತಾಯಿಯ ಗಲ್ಲದ ಮೇಲಿನ ಚುಕ್ಕೆಯನ್ನು ಮೆಲ್ಲಗೆ ಉಜ್ಜಿ ನೋಡಿದರು. ಹೋಗಲಿಲ್ಲ.